ರೇಡಿಯೋದ ಕಿವಿ ಹಿಂಡಿದ ದಿನ



ಡಿಸೆಂಬರ್ ಬಂತೆಂದರೆ ನಮ್ಮ ಮೂಡಿಗೆರೆ, ಕಳಸದ ಕಡೆ ಯಾರಿಗೂ ಬಿಡುವಿಲ್ಲ. ಅರೇಬಿಕಾ ಹಣ್ಣು ಕೊಯ್ಯುವ ಕಾಲ. ಅರ್ಧ ಜನ ತೋಟದಲ್ಲಿ, ಉಳಿದರ್ಧ ಕಾಫಿ ಹರಡುತ್ತಾ ಕಣದಲ್ಲಿ. ನಾನು ಚಿಕ್ಕವಳಿದ್ದಾಗ ಈ ಕೆಲಸದ ನಡುವೆ ಮನೆಮನೆಯಿಂದಲೂ ರೇಡಿಯೋ ಕೇಳಿಸುತ್ತಿತ್ತು.

ನಿಮ್ಮ ಮನೆಯಲ್ಲೂ ಇತ್ತಲ್ಲವೇ? ನನ್ನ ಉಮ್ಮ ಶಾಲೆಗೆ ಹೋದವರಲ್ಲ. ಕುರ್‌ಆನ್ ಓದುತ್ತಿದ್ದರು, ಕನ್ನಡ ಅಕ್ಷರ ಬರುತ್ತಿರಲಿಲ್ಲ. ರೇಡಿಯೋವೇ ಅವರ ಶಾಲೆ. ಸುಬ್‌ಹ್ ನಮಾಝ್ ಮುಗಿಸಿ ಒಲೆ ಹಚ್ಚುವ ಹೊತ್ತಿಗೆ ಆಕಾಶವಾಣಿಯ ಆ ಪರಿಚಿತ ರಾಗ. (ಅದನ್ನು 1930ರ ದಶಕದಲ್ಲಿ ರಚಿಸಿದವರು ಯುರೋಪ್ ತೊರೆದು ಮುಂಬಯಿಗೆ ಬಂದಿದ್ದ ವಾಲ್ಟರ್ ಕೌಫ್‌ಮನ್ ಎಂಬ ಯಹೂದಿ ಸಂಗೀತಗಾರ. ಇದು ನನಗೆ ಬಿ.ಎ. ಮುಗಿಸಿದ ಮೇಲೆ ತಿಳಿದದ್ದು.) ಆಮೇಲೆ ಚಿಂತನ, 7.05ಕ್ಕೆ ಪ್ರದೇಶ ಸಮಾಚಾರ, ಮಧ್ಯಾಹ್ನ ಮಹಿಳೆಯರ ಕಾರ್ಯಕ್ರಮ, ಸಂಜೆ ಕೃಷಿರಂಗ, ರಾತ್ರಿ ಎಂದಾದರೊಮ್ಮೆ ನಾಟಕ. ಹಾಡು ಬಂದರೆ ಉಮ್ಮನಿಗೆ ಅಷ್ಟಕ್ಕಷ್ಟೆ. ಮಾತು ಬಂದರೆ ಮಾತ್ರ ಒಲೆಯ ಸೌದೆ ಹಿಂದಕ್ಕೆಳೆದು ಕೂತುಬಿಡುತ್ತಿದ್ದರು.

ಭದ್ರಾವತಿ ನಿಲಯ 1965ರಲ್ಲಿ, ಮಂಗಳೂರು 1976ರಲ್ಲಿ, ಹಾಸನ 1991ರಲ್ಲಿ ಆರಂಭವಾದವು. ನಮ್ಮ ಗುಡ್ಡಗಳ ಮಧ್ಯೆ ಎಫ್‌ಎಂ ಕಷ್ಟ. ಅದರ ಅಲೆ ನೇರವಾಗಿ ಹೋಗುವಂಥದ್ದು, ಗುಡ್ಡ ಅಡ್ಡ ಬಂದರೆ ಅಲ್ಲಿಗೆ ಮುಗಿಯಿತು. ಮೀಡಿಯಂ ವೇವ್ ಹಾಗಲ್ಲ, ನೆಲವನ್ನು ತಬ್ಬಿಕೊಂಡೇ ಬರುತ್ತದೆ. ಹಾಗಾಗಿ ನಮ್ಮ ಅಡುಗೆಮನೆಗೆ ಭದ್ರಾವತಿಯೇ ಗತಿ.

ಕ್ರಿಸ್‌ಮಸ್‌ಗೂ ರೇಡಿಯೋಗೂ ಹಳೆಯ ನಂಟು. ಇಂಗ್ಲೆಂಡಿನ ದೊರೆ ಐದನೇ ಜಾರ್ಜ್ 1932ರ ಡಿಸೆಂಬರ್ 25ರಂದು ಮೊದಲ ಬಾರಿಗೆ ರೇಡಿಯೋದಲ್ಲಿ ಹಬ್ಬದ ಸಂದೇಶ ಓದಿದ್ದ. ಬರೆದುಕೊಟ್ಟವರು ಮುಂಬಯಿಯಲ್ಲಿ ಹುಟ್ಟಿದ ಕಿಪ್ಲಿಂಗ್. ನಮ್ಮ ಆಕಾಶವಾಣಿಯಲ್ಲೂ ಆಯಾ ಹಬ್ಬಕ್ಕೆ ಆಯಾ ಧರ್ಮದವರ ಮಾತು ಇರುತ್ತಿತ್ತು.

1998ರ ಡಿಸೆಂಬರ್ 25 ಶುಕ್ರವಾರವಾಗಿತ್ತು, ರಮಝಾನ್ ತಿಂಗಳು ಕೂಡ. ನಾನು ಮದ್ರಸದಿಂದ ರಜೆಗೆ ಬಂದಿದ್ದೆ. ನಾಲ್ಕು ಅಕ್ಷರ ಕಲಿತಿದ್ದೇನೆಂಬ ಬಿಂಕವೂ ಜೊತೆಗೆ ಬಂದಿತ್ತು. ಪಕ್ಕದ ಮನೆಯ ಕ್ರೈಸ್ತ ಮಹಿಳೆ, ನಾವೆಲ್ಲ ಬಾಯಮ್ಮ ಎನ್ನುತ್ತಿದ್ದವರು, ತಟ್ಟೆ ತುಂಬ ಕುಸ್ವಾರ್ ತಂದರು. "ಇಫ್ತಾರ್‌ಗೆ ಇಟ್ಟುಕೊಳ್ಳಿ" ಎಂದು ಉಮ್ಮನ ಪಕ್ಕ ಕುಳಿತರು. ರೇಡಿಯೋದಲ್ಲಿ ಧರ್ಮಗುರುಗಳೊಬ್ಬರು ಮರಿಯಮ್ಮನವರ ಬಗ್ಗೆ, ತಂಗಲು ಜಾಗ ಸಿಗದ ಆ ರಾತ್ರಿಯ ಬಗ್ಗೆ ಹೇಳುತ್ತಿದ್ದರು. ನಾನು ಎದ್ದು ಹೋಗಿ ರೇಡಿಯೋದ ಕಿವಿ ಹಿಂಡಿದೆ. "ರಮಝಾನಿನಲ್ಲಿ ಇದೆಲ್ಲ ಯಾಕೆ ಉಮ್ಮಾ?" ಎಂದೂ ಹೇಳಿದೆ.

ಬಾಯಮ್ಮ ಏನೂ ಅನ್ನಲಿಲ್ಲ. ಕಣದಲ್ಲಿ ಕೆಲಸ ಇದೆ ಎಂದು ಎದ್ದು ಹೋದರು. ತಟ್ಟೆಯನ್ನೂ ಕೇಳಲಿಲ್ಲ.

ಉಮ್ಮ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಕಳೆದ ಪೆರ್ನಾಳ್ ದಿನ ಮೌಲವಿಯವರು ರೇಡಿಯೋದಲ್ಲಿ ಮಾತಾಡಿದಾಗ ಬಾಯಮ್ಮ ಇಲ್ಲೇ ಕೂತು ಪೂರ್ತಿ ಕೇಳಿದ್ದರು. ಫಿತ್ರ್ ಝಕಾತ್ ಅಂದರೇನು ಅಂತ ನನ್ನನ್ನು ಕೇಳಿ ತಿಳಿದುಕೊಂಡರು. ಮರ್ಯಮ್ ಬೀವಿಯ ಮಾತು ಕೇಳಿದರೆ ನಿನ್ನ ಈಮಾನ್ ಹೋಗುತ್ತದಾ?"

ನನ್ನಲ್ಲಿ ಉತ್ತರವಿರಲಿಲ್ಲ. ಸೂರಃ ಮರ್ಯಮ್‌ನ 98 ಆಯತ್‌ಗಳೂ ನನಗೆ ಬಾಯಿಪಾಠ. ಮಕ್ಕಾದ ಹಿಂಸೆ ತಾಳಲಾರದೆ ಅಬಿಸೀನಿಯಾಕ್ಕೆ ಹೋದ ಮುಸ್ಲಿಮರ ಚರಿತ್ರೆಯನ್ನು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಅವರನ್ನು ಹಿಂದಕ್ಕೆ ಕಳಿಸಿ ಎಂದು ಕುರೈಶರ ದೂತರು ಕೇಳಿದಾಗ ಕ್ರೈಸ್ತ ದೊರೆ ನಜ್ಜಾಶಿ, ಮೊದಲು ಇವರ ಮಾತು ಕೇಳುತ್ತೇನೆ ಎಂದ. ಹ. ಜಅ್‌ಫರ್(ರ) ಓದಿದ್ದು ಇದೇ ಸೂರಃ ಮರ್ಯಮ್‌ನ ಭಾಗವನ್ನು. ದೊರೆ ಗಡ್ಡ ತೋಯುವಷ್ಟು ಅತ್ತನೆಂದು ಚರಿತ್ರೆ ಹೇಳುತ್ತದೆ. ಅಂದು ಅವನೂ ನನ್ನ ಹಾಗೆ "ಇದೆಲ್ಲ ಯಾಕೆ" ಎಂದಿದ್ದರೆ ಆ ನಿರಾಶ್ರಿತರ ಗತಿಯೇನಾಗುತ್ತಿತ್ತು, ಯೋಚಿಸಿ.

ಹ. ಈಸಾ(ಅ)ರನ್ನು ನಾವು ಅಲ್ಲಾಹನ ಪ್ರವಾದಿಯೆಂದು ನಂಬುತ್ತೇವೆ, ಕ್ರೈಸ್ತರ ವಿಶ್ವಾಸ ಬೇರೆ. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಬಾಯಮ್ಮನಿಗೂ ಉಮ್ಮನಿಗೂ ಇದು ಚೆನ್ನಾಗಿ ಗೊತ್ತಿತ್ತು. ಹಾಗಿದ್ದೂ ಒಂದೇ ರೇಡಿಯೋದ ಮುಂದೆ ವರ್ಷಗಟ್ಟಲೆ ಕುಳಿತಿದ್ದರು. ಗೊತ್ತಿಲ್ಲದವಳು ನಾನೊಬ್ಬಳೇ.

ಆ ರಮಝಾನ್ ಮುಗಿಯುವವರೆಗೆ ಬಾಯಮ್ಮ ನಮ್ಮ ಮನೆಗೆ ಬರಲಿಲ್ಲ. ಈದ್ ದಿನ ಉಮ್ಮ ಅದೇ ತಟ್ಟೆಯಲ್ಲಿ ತುಪ್ಪದನ್ನ ಹಾಕಿ, ಬೇಕೆಂದೇ ನನ್ನ ಕೈಯಲ್ಲಿ ಕಳಿಸಿದರು. ಕೊಟ್ಟು ಬಂದೆ. ತಪ್ಪಾಯಿತು ಎಂಬ ಒಂದು ಮಾತು ಬಾಯಿಂದ ಹೊರಡಲಿಲ್ಲ. ಮರುದಿನದಿಂದ ಬಾಯಮ್ಮ ಮೊದಲಿನಂತೆ ಬರತೊಡಗಿದರು. ಅದರಿಂದ ನನಗೆ ಇನ್ನಷ್ಟು ಕಷ್ಟವಾಯಿತು.

ಉಮ್ಮ ಈಗಿಲ್ಲ. ಅಲ್ಲಾಹನು ಅವರಿಗೆ ಮಗ್‌ಫಿರತ್ ನೀಡಲಿ. ಆ ರೇಡಿಯೋ ಅಟ್ಟ ಸೇರಿದೆ. ಈಗ ಆಕಾಶವಾಣಿ ಮೊಬೈಲಿನ ಆ್ಯಪ್‌ನಲ್ಲೇ ಸಿಗುತ್ತದೆ. ಹೋದ ಕ್ರಿಸ್‌ಮಸ್‌ಗೆ ಬಾಯಮ್ಮನನ್ನು ನೋಡಲು ಹೋದೆ. ಎಂಬತ್ತು ದಾಟಿದೆ, ಕಣ್ಣು ಮಂಜು, ಮಕ್ಕಳೆಲ್ಲ ಬೆಂಗಳೂರಿನಲ್ಲಿ. ಪಕ್ಕದಲ್ಲಿ ಕುಳಿತು ಮೊಬೈಲಿನಲ್ಲಿ ಹಬ್ಬದ ಕಾರ್ಯಕ್ರಮ ಹಾಕಿದೆ. ಅಂದಿನ ವಿಷಯ ಎತ್ತಿದೆ. "ಯಾವ ರೇಡಿಯೋ? ನನಗೆ ನೆನಪಿಲ್ಲ ಮಗಾ" ಎಂದರು. ನೆನಪಿತ್ತೆಂದೇ ನನಗನ್ನಿಸಿತು.

ಮಾತಿನ ಮಧ್ಯದಲ್ಲಿ ನೆಟ್‌ವರ್ಕ್ ಹೋಯಿತು. ನಮ್ಮ ಕಡೆ ಇದು ಮಾಮೂಲು. ಕಾದೆವು, ಬರಲಿಲ್ಲ. ಉಳಿದ ಕಥೆಯನ್ನು ಬಾಯಮ್ಮನೇ ಹೇಳಿದರು. ನಾನು ಪೂರ್ತಿ ಕೇಳಿದೆ.