ಆ ಶೇ. 25 ಸೀಟು ಬಡ ಮಕ್ಕಳಿಗೆ ಮರಳಿ ಸಿಗಲಿ

ಮೇ ತಿಂಗಳು ಬಂತೆಂದರೆ ದಕ್ಷಿಣ ಕನ್ನಡದ ಅಳದಂಗಡಿಯ ಮನೆಗಳಲ್ಲಿ ಒಂದೇ ಲೆಕ್ಕ. ಮಗುವನ್ನು ಊರಿನ ಸರಕಾರಿ ಶಾಲೆಗೆ ಕಳುಹಿಸುವುದೋ, ಬೆಳ್ತಂಗಡಿಯಿಂದಲೋ ಮೂಡುಬಿದಿರೆಯಿಂದಲೋ ಬರುವ ವ್ಯಾನು ಹತ್ತಿಸುವುದೋ? ಅಡಿಕೆ ತೋಟವಿದ್ದವರು ಒಂದು ಸಂಜೆಯಲ್ಲಿ ತೀರ್ಮಾನಿಸುತ್ತಾರೆ. ಬೀಡಿ ಕಟ್ಟಿ, ಕೂಲಿಗೆ ಹೋಗಿ ಸಂಸಾರ ತೂಗಿಸುವವರು ಫೀಸು, ವ್ಯಾನಿನ ಬಾಡಿಗೆ, ಯೂನಿಫಾರ್ಮು ಎಲ್ಲ ಕೂಡಿಸಿ ನೋಡಿ, ಒಂದೋ ಸುಮ್ಮನಾಗುತ್ತಾರೆ, ಇಲ್ಲವೇ ಸಂಘದಲ್ಲಿ ಸಾಲ ಕೇಳುತ್ತಾರೆ.

ಇಂಥ ಮನೆಗಳಿಗೂ ಆಯ್ಕೆ ಇರಲಿ ಎಂದು ಕಾನೂನು ಒಂದು ದಾರಿ ಮಾಡಿತ್ತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯ 12(1)(ಸಿ) ಕಲಮಿನಂತೆ, ಅನುದಾನವಿಲ್ಲದ ಖಾಸಗಿ ಶಾಲೆಗಳು ಪ್ರವೇಶದ ತರಗತಿಯಲ್ಲಿ ಕನಿಷ್ಠ ಶೇ. 25 ಸೀಟುಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿಡಬೇಕು. ಆ ಮಕ್ಕಳ ಖರ್ಚನ್ನು ಸರಕಾರ ಶಾಲೆಗೆ ಕಟ್ಟಿಕೊಡಬೇಕು. 2012ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಕರ್ನಾಟಕದಲ್ಲಿ ಅದೇ ವರ್ಷದಿಂದ ‘ಆರ್‌ಟಿಇ ಸೀಟು’ ಮನೆಮಾತಾಯಿತು. ಅರ್ಜಿ ಆನ್‌ಲೈನ್, ಆಯ್ಕೆ ಲಾಟರಿಯಲ್ಲಿ. ಮಗುವಿಗೆ ಪರೀಕ್ಷೆಯಿಲ್ಲ, ತಂದೆತಾಯಿಗೆ ಸಂದರ್ಶನವಿಲ್ಲ.

2019ರ ಆರಂಭದಲ್ಲಿ ರಾಜ್ಯ ಸರಕಾರ ನಿಯಮ ತಿದ್ದಿತು. ನೆರೆಹೊರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ, ಅಲ್ಲಿನ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಇಲ್ಲ. ಆ ವರ್ಷದ ಮೇ ಕೊನೆಯಲ್ಲಿ ಹೈಕೋರ್ಟ್ ಇದನ್ನು ಒಪ್ಪಿತು. ಅದಕ್ಕೆ ಹಿಂದಿನ ವರ್ಷ ರಾಜ್ಯದಲ್ಲಿ ಒಂದೂವರೆ ಲಕ್ಷದ ಆಸುಪಾಸಿನಲ್ಲಿದ್ದ ಸೀಟುಗಳು ಇಪ್ಪತ್ತು ಸಾವಿರಕ್ಕಿಂತಲೂ ಕೆಳಗಿಳಿದವು. ಊರಿಗೊಂದು ಸರಕಾರಿ ಶಾಲೆ ಇದೆಯೆಂದು ಹೆಮ್ಮೆಪಡುವ ದಕ್ಷಿಣ ಕನ್ನಡದಲ್ಲಿ ಈ ನಿಯಮದ ಅರ್ಥ ಸರಳ: ಬಾಗಿಲು ಹೆಚ್ಚುಕಡಿಮೆ ಮುಚ್ಚಿತು.

ಸರಕಾರದ ವಾದವನ್ನೂ ಕೇಳಬೇಕು. ಪಕ್ಕದಲ್ಲೇ ತನ್ನ ಶಾಲೆ, ತನ್ನ ಶಿಕ್ಷಕರು ಇರುವಾಗ ಖಾಸಗಿಯವರಿಗೆ ಹಣ ಯಾಕೆ ಕಟ್ಟಬೇಕು? ಹಾಗೆ ಕಟ್ಟಿದಷ್ಟೂ ಸರಕಾರಿ ಶಾಲೆ ಬರಿದಾಗುವುದಿಲ್ಲವೇ? ಇದು ತಳ್ಳಿಹಾಕುವ ಮಾತಲ್ಲ. ಮಕ್ಕಳಿಲ್ಲದೆ ಬೀಗ ಬಿದ್ದ ಕನ್ನಡ ಶಾಲೆಗಳನ್ನು ಈ ಜಿಲ್ಲೆಯವರು ಕಂಡಿದ್ದಾರೆ. ಆದರೆ ಹೊಸ ನಿಯಮ ತಡೆದದ್ದು ಯಾರನ್ನು? ಫೀಸು ಕಟ್ಟಬಲ್ಲವರ ಮಕ್ಕಳು ಆಗಲೂ ವ್ಯಾನು ಹತ್ತುತ್ತಿದ್ದರು, ಈಗಲೂ ಹತ್ತುತ್ತಿದ್ದಾರೆ. ಸರಕಾರಿ ಶಾಲೆ ಉಳಿಸುವ ಹೊರೆಯನ್ನು ಕೈಯಲ್ಲಿ ಕಾಸಿಲ್ಲದವರ ಮಕ್ಕಳ ತಲೆಗೆ ಮಾತ್ರ ಹೊರಿಸಿದಂತಾಯಿತು.

ಸರಕಾರಿ ಶಾಲೆ ತುಂಬುವ ಬಗೆ ಬೇರೆಯೇ ಇದೆ. ಅದನ್ನು ನೋಡಲು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಬಂಟ್ವಾಳ ತಾಲೂಕಿನ ಮೂಡನಡುಗೋಡು ಗ್ರಾಮದ ದಡ್ಡಲಕಾಡು ಶಾಲೆ ಮಕ್ಕಳಿಲ್ಲದೆ ಸೊರಗಿತ್ತು. ಶ್ರೀ ದುರ್ಗಾ ಚಾರಿಟೇಬಲ್ ಟ್ರಸ್ಟ್ ಅದನ್ನು ದತ್ತು ತೆಗೆದುಕೊಂಡಿತು. ಎಲ್‌ಕೆಜಿ, ಯುಕೆಜಿ, ಇಂಗ್ಲಿಷ್ ಕಲಿಕೆ, ಹೊಸ ಕಟ್ಟಡ ಬಂದವು. ಮಕ್ಕಳ ಸಂಖ್ಯೆ ಹತ್ತಾರರಿಂದ ನೂರಾರಕ್ಕೆ ಏರಿತು. ಅಲ್ಲಿನ ಪೋಷಕರನ್ನು ಯಾವ ನಿಯಮವೂ ಕಟ್ಟಿಹಾಕಿರಲಿಲ್ಲ. ತಾವು ಹುಡುಕುತ್ತಿದ್ದುದು ಸಿಕ್ಕಿತೆಂದು ತಾವಾಗಿಯೇ ಬಂದರು.

ಮೂಡುಬಿದಿರೆಯ ಆಳ್ವಾಸ್ ಕನ್ನಡ ಮಾಧ್ಯಮ ಶಾಲೆಯೂ ಇಂಥದೇ ಸಂಗತಿ ಹೇಳುತ್ತದೆ. ಅಲ್ಲಿ ಓದು, ಊಟ, ವಸತಿ ಎಲ್ಲ ಉಚಿತ. ಪ್ರವೇಶ ಪರೀಕ್ಷೆಗೆ ರಾಜ್ಯದ ಮೂಲೆಮೂಲೆಯಿಂದ ಮಕ್ಕಳು ಬರುತ್ತಾರೆ. ಒಳ್ಳೆಯ ಶಾಲೆಯಾದರೆ ಕನ್ನಡ ಮಾಧ್ಯಮವೂ ಬೇಕು ಎನ್ನುವವರಿದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಪರೀಕ್ಷೆಯಿದ್ದ ಕಡೆ ಮಗುವನ್ನು ಆರಿಸುವುದು ಶಾಲೆ. ಆರ್‌ಟಿಇ ಲಾಟರಿಯಲ್ಲಿ ಶಾಲೆಯನ್ನು ಆರಿಸುತ್ತಿದ್ದುದು ಮನೆಯವರು. ಸಾಧಾರಣ ಮಗುವಿಗೂ ಅಲ್ಲಿ ಪಾಲಿತ್ತು.

ಹಾಗೆಂದು ಖಾಸಗಿ ಶಾಲೆಯೆಂದರೆ ಸಕಲವೂ ಎಂದು ಯಾರೂ ನಂಬಬೇಕಾಗಿಲ್ಲ. ಅವಿಭಜಿತ ಆಂಧ್ರಪ್ರದೇಶದ ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ನಡೆಸಿದ ದೊಡ್ಡ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಲಾಟರಿಯಲ್ಲಿ ಶುಲ್ಕದ ವೋಚರ್ ಪಡೆದು ಖಾಸಗಿ ಶಾಲೆಗೆ ಹೋದ ಮಕ್ಕಳು ತೆಲುಗು ಮತ್ತು ಗಣಿತದಲ್ಲಿ ಸರಕಾರಿ ಶಾಲೆಯವರಿಗಿಂತ ಮುಂದೇನೂ ಹೋಗಲಿಲ್ಲ, ಹಿಂದಿಯಲ್ಲಿ ಮುಂದಿದ್ದರು. ಖರ್ಚು ಮಾತ್ರ ಸರಕಾರಿ ಶಾಲೆಯ ಮೂರನೇ ಒಂದರಷ್ಟು. ಖಾಸಗಿ ಶಾಲೆಗಳ ಫ್ಲೆಕ್ಸ್ ನೋಡಿ ಸಾಲ ಮಾಡುವವರೂ, ಖಾಸಗಿಗೆ ಕಟ್ಟುವ ಹಣ ದಂಡ ಎನ್ನುವವರೂ ಇದನ್ನು ಗಮನಿಸಬೇಕು.

ನೆರೆಯ ಮಹಾರಾಷ್ಟ್ರವೂ 2024ರಲ್ಲಿ ಕರ್ನಾಟಕದ ಹಾದಿ ಹಿಡಿಯಿತು. ಒಂದು ಕಿಲೋಮೀಟರ್ ಒಳಗೆ ಸರಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಗೆ ವಿನಾಯಿತಿ ಎಂದಿತು. ಜುಲೈಯಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದುಮಾಡಿತು, ಮುಂದಿನ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿನಲ್ಲಿ ಕೈಹಾಕಲು ಒಪ್ಪಲಿಲ್ಲ. ಅಲ್ಲಿನ ಮಗುವಿಗೆ ಇರುವ ಹಕ್ಕು ಇಲ್ಲಿನ ಮಗುವಿಗೆ ಯಾಕಿಲ್ಲ ಎಂದು ಕೇಳಲು ಕರ್ನಾಟಕದವರಿಗೆ ಈಗ ಗಟ್ಟಿ ಕಾರಣವಿದೆ.

ಆದ್ದರಿಂದ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ತಾಲೂಕುಗಳ ನಾಗರಿಕರಲ್ಲಿ ಕಳಕಳಿಯ ಮನವಿ. ಮುಂದಿನ ಗ್ರಾಮಸಭೆಯಲ್ಲಿ, ಪುರಸಭೆಯ ವಾರ್ಡಿನಲ್ಲಿ ಈ ವಿಷಯ ಎತ್ತಿ. 2019ರ ತಿದ್ದುಪಡಿ ಹಿಂದೆಗೆಯಬೇಕೆಂದು ನಿರ್ಣಯ ಬರೆಸಿ ಶಾಸಕರಿಗೆ ಕಳುಹಿಸಿ. ಹಳೆಯ ನಿಯಮದಲ್ಲಿ ನೆರೆಹೊರೆಯೆಂದರೆ ಹಳ್ಳಿಯಲ್ಲಿ ಗ್ರಾಮದ ಗಡಿ, ಪೇಟೆಯಲ್ಲಿ ವಾರ್ಡು. ಖಾಸಗಿ ಶಾಲೆಯಿಲ್ಲದ ಗ್ರಾಮದ ಮಗುವಿಗೆ ಸೀಟು ಆಗಲೂ ದಕ್ಕುತ್ತಿರಲಿಲ್ಲ. ಆ ಗಡಿಯೂ ಸಡಿಲವಾಗಲಿ. ಶುಲ್ಕ ಮರುಪಾವತಿ ತಡವಾಗುತ್ತದೆಂಬುದು ಆಡಳಿತ ಮಂಡಳಿಗಳ ಹಳೆಯ ದೂರು. ಅದಕ್ಕೂ ಗಡುವು ಇರಲಿ.

ಸರಕಾರಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯ ಕುರ್ಚಿಗಳನ್ನೂ ಖಾಲಿ ಬಿಡಬೇಡಿ. ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರದೇ. ಶಿಕ್ಷಕರ ಹುದ್ದೆ ಖಾಲಿಯಿದ್ದರೆ ಮೊದಲು ಬರೆಯಬೇಕಾದವರು ಅವರೇ.

ಕಾಯ್ದೆಯ ರಕ್ಷಣೆ ಎಂಟನೇ ತರಗತಿಗೆ ಮುಗಿಯುತ್ತದೆ. 2018-19ರಲ್ಲಿ ಆರ್‌ಟಿಇ ಸೀಟಿನಲ್ಲಿ ಎಲ್‌ಕೆಜಿ ಸೇರಿದ ಕೊನೆಯ ದೊಡ್ಡ ತಂಡ 2027-28ರಲ್ಲಿ ಎಂಟನೆಯ ತರಗತಿಯಲ್ಲಿರುತ್ತದೆ. ಒಂಬತ್ತು, ಹತ್ತರ ಫೀಸಿಗಾಗಿ ಆ ಮಕ್ಕಳು ಶಾಲೆ ಬಿಡುವಂತಾಗದಿರಲಿ. ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳು, ಊರಿನ ದಾನಿಗಳು, ಹಳೆ ವಿದ್ಯಾರ್ಥಿ ಸಂಘಗಳು ಈ ವರ್ಷವೇ ಕುಳಿತು ಆ ಎರಡು ವರ್ಷಗಳ ಹಣ ಹೊಂದಿಸಿಡಲಿ.