ಹೊಲಕ್ಕೆ ತಕ್ಕ ಕಲ್ಟಿವೇಟರೋ, ಕಲ್ಟಿವೇಟರಿಗೆ ತಕ್ಕ ಹೊಲವೋ?



ಈ ಸಲ ಹಳೆಯ ನೆನಪುಗಳನ್ನು ಸ್ವಲ್ಪ ಬದಿಗಿಟ್ಟು ಜಗಳವೊಂದನ್ನು ಕೈಗೆತ್ತಿಕೊಂಡಿದ್ದೇನೆ. ತರಗತಿಯಲ್ಲಿ ನಾನು ಸಿಟ್ಟುಗೊಂಡದ್ದನ್ನು ಕಂಡವರು ನಿಮ್ಮಲ್ಲಿ ಅನೇಕರಿದ್ದೀರಿ. ನಾನು ನಿವೃತ್ತನಾದೆನೇ ಹೊರತು ನನ್ನ ಸಿಟ್ಟು ನಿವೃತ್ತವಾಗಿಲ್ಲವೆಂಬುದು ಇದನ್ನು ಓದಿದ ಮೇಲೆ ನಿಮಗೇ ತಿಳಿಯುತ್ತದೆ.

ಎರಡು ವರ್ಷಗಳ ಹಿಂದಿನ ಮುಂಗಾರಿನಲ್ಲಿ ತಿ. ನರಸೀಪುರ ತಾಲ್ಲೂಕಿನ ಮೂಗೂರು ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆಸ್ಪತ್ರೆ ಸೇರಿದನೆಂದು ತಿಳಿದು ನೋಡಲು ಹೋದೆ. ಬಲಗಾಲಿನ ಎರಡು ಬೆರಳುಗಳನ್ನು ವೈದ್ಯರು ತೆಗೆದುಹಾಕಿದ್ದರು. ನಡೆದದ್ದು ಇಷ್ಟು: ಎರಡು ಅಡಿ ಸಾಲಿನಲ್ಲಿ ಹಾಕಿದ್ದ ಮುಸುಕಿನ ಜೋಳದಲ್ಲಿ ಕಳೆ ಎದ್ದಿತ್ತು. ಆಳುಗಳು ಸಿಗಲಿಲ್ಲ. ಉಳುಮೆಗೆ ತಂದಿದ್ದ ಒಂಬತ್ತು ಹಲ್ಲಿನ ಕಲ್ಟಿವೇಟರಿನ ಹಲ್ಲುಗಳನ್ನು ಸರಿಸಿ ಎಡೆ ಹೊಡೆಯೋಣವೆಂದು ಅದನ್ನು ಟ್ರ್ಯಾಕ್ಟರಿನ ಹೈಡ್ರಾಲಿಕ್ಕಿನಿಂದ ಮೇಲೆತ್ತಿ, ಅದರ ಕೆಳಗೆ ಕುಳಿತು ಸ್ಪ್ಯಾನರ್ ಹಾಕಿದ್ದಾನೆ. ತುಕ್ಕು ಹಿಡಿದ ಬೋಲ್ಟು ಅಲುಗಲಿಲ್ಲ. ಸುತ್ತಿಗೆಯಿಂದ ಹೊಡೆಯುತ್ತಿರುವಾಗ, ಮೇಲೆ ಕುಳಿತಿದ್ದ ತಮ್ಮನ ಕೈ ತಾಗಿ ಲಿವರ್ ಕೆಳಗೆ ಸರಿದಿದೆ. ಅಷ್ಟು ಭಾರದ ಕಬ್ಬಿಣ ಕಾಲಿನ ಮೇಲೆ ಇಳಿದಿದೆ.

"ತಪ್ಪು ನಂದೇ ಸಾರ್. ಕೆಳಗೆ ಒಂದು ದಿಮ್ಮಿ ಕೊಡಬೇಕಾಗಿತ್ತು" ಎಂದ ಆತ.

ದಿಮ್ಮಿ ಕೊಡಬೇಕಾಗಿತ್ತು, ನಿಜ. ಆದರೆ ತಪ್ಪೆಲ್ಲವೂ ಅವನದೆಂಬುದನ್ನು ನಾನು ಒಪ್ಪಲಾರೆ. ಆ ಯಂತ್ರವನ್ನು ಮಾರುವಾಗ "ಹಲ್ಲುಗಳನ್ನು ಬೇಕಾದ ಅಂತರಕ್ಕೆ ಹೊಂದಿಸಿಕೊಳ್ಳಬಹುದು" ಎಂದು ಹೇಳಿದ್ದರು. ಹೇಳಿದ್ದು ಸುಳ್ಳಲ್ಲ, ಆದರೆ ನಿಜವೂ ಅಲ್ಲ. ಒಬ್ಬ ರೈತ ತನ್ನ ಹೊಲದಲ್ಲಿ, ಒಂದೇ ಸ್ಪ್ಯಾನರಿನಿಂದ, ಅರ್ಧ ಗಂಟೆಯೊಳಗೆ, ಕೈಕಾಲಿಗೆ ಅಪಾಯವಿಲ್ಲದೆ ಮಾಡಲಾಗದ ಹೊಂದಾಣಿಕೆಯು ಹೊಂದಾಣಿಕೆಯೇ ಅಲ್ಲ. ಅದು ಕೇವಲ ಕಾಗದದ ಮೇಲಿನ ಗುಣ. ನನ್ನ ಜಗಳವಿರುವುದು ಈ ಒಂದು ಮಾತಿನ ಮೇಲೆ.

ನಗರದಲ್ಲಿ ನೆಲೆಸಿರುವ ಬಂಧುಗಳಿಗಾಗಿ ಒಂದು ವಿವರಣೆ. ಕಲ್ಟಿವೇಟರ್ ಎಂದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಕಬ್ಬಿಣದ ಚೌಕಟ್ಟು. ಅದಕ್ಕೆ ಎರಡು ಸಾಲಿನಲ್ಲಿ ಒಂದರ ಸಂದಿಗೆ ಇನ್ನೊಂದು ಬರುವಂತೆ ಬಾಗಿದ ಹಲ್ಲುಗಳನ್ನು ಬಿಗಿದಿರುತ್ತಾರೆ. ಪ್ರತಿ ಹಲ್ಲಿನ ತುದಿಗೆ ಸವೆದಾಗ ಬದಲಿಸಬಹುದಾದ ಗುಳವಿರುತ್ತದೆ. ಕಲ್ಲಿಗೆ ತಾಗಿದಾಗ ಹಲ್ಲು ಮುರಿಯದೆ ಹಿಂದಕ್ಕೆ ಮಣಿಯಲೆಂದು ಸ್ಪ್ರಿಂಗುಗಳಿರುತ್ತವೆ. ಉಳುಮೆಗೂ ಅದೇ, ಮಣ್ಣು ಸಡಿಲಿಸಲೂ ಅದೇ, ಸರಿಯಾಗಿ ಹೊಂದಿಸಿಕೊಂಡರೆ ಬೆಳೆಯ ನಡುವೆ ಕಳೆ ತೆಗೆಯಲೂ ಅದೇ. ನಮ್ಮ ಕುಂಟೆ, ಎಡೆಕುಂಟೆಗಳ ಕೆಲಸವೆಲ್ಲ ಈಗ ಅದರ ಹೆಗಲಿಗೆ ಬಿದ್ದಿದೆ.

ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತುಗಳಿದ್ದವು. ಅವನ್ನು ಕೊಂಡದ್ದು ಮುಡುಕುತೊರೆಯ ದನಗಳ ಜಾತ್ರೆಯಲ್ಲಿ. ನಮ್ಮ ತಂದೆಯವರು ಅಕ್ಷರ ಕಲಿತವರಲ್ಲ. ಆದರೂ ನೇಗಿಲು ಆಳಕ್ಕೆ ಹೋಗಬೇಕೋ ಮೇಲುಮೇಲೆ ಸಾಗಬೇಕೋ ಎಂಬುದನ್ನು ಹೊಲದ ಬದುವಿನಲ್ಲಿ ನಿಂತೇ ತೀರ್ಮಾನಿಸುತ್ತಿದ್ದರು. ಈಸಿನಲ್ಲಿದ್ದ ಕಚ್ಚುಗಳಲ್ಲಿ ನೊಗದ ಹಗ್ಗವನ್ನು ಒಂದು ಕಚ್ಚು ಮುಂದಕ್ಕೋ ಹಿಂದಕ್ಕೋ ಸರಿಸಿದರೆ ಸಾಕು, ನೇಗಿಲು ಕಚ್ಚುವ ಆಳ ಬದಲಾಗುತ್ತಿತ್ತು. ಗುಳ ಸಡಿಲವಾದರೆ ಬೆಣೆಗೆ ಎರಡು ಪೆಟ್ಟು. ಎಡೆಕುಂಟೆಗೆ ಸಾಲಿನ ಅಗಲಕ್ಕೆ ತಕ್ಕ ತಾಳು. ಇದಕ್ಕೆಲ್ಲ ಬೇಕಾದದ್ದು ಒಂದು ಕೊಡಲಿ ಮತ್ತು ಒಂದು ಬೀಡಿ ಸೇದುವಷ್ಟು ಸಮಯ. ಹಳೆಯದೆಲ್ಲ ಚೆನ್ನಾಗಿತ್ತೆಂದು ನಾನು ಹೇಳುತ್ತಿಲ್ಲ. ಎತ್ತಿನ ಹಿಂದೆ ದಿನವಿಡೀ ನಡೆದ ಕಾಲುಗಳ ನೋವು ನನಗೆ ಗೊತ್ತು. ಆದರೆ ಮರದ ನೇಗಿಲಿನಲ್ಲಿದ್ದ ಹೊಂದಾಣಿಕೆಯ ಸೌಲಭ್ಯವನ್ನು ಉಕ್ಕಿನ ಯಂತ್ರದಲ್ಲಿ ಕಳೆದುಕೊಂಡರೆ ಅದನ್ನು ಪ್ರಗತಿಯೆಂದು ಹೇಗೆ ಕರೆಯಲಿ?

ಅಂತರಕ್ಕೆ ಇಷ್ಟೊಂದು ಮಹತ್ವವೇಕೆಂದು ನೀವು ಕೇಳಬಹುದು. ಕಪ್ಪು ಹಲಗೆಯ ಮುಂದೆ ನಿಂತವನಂತೆ ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಕಲ್ಟಿವೇಟರಿನ ಹಲ್ಲುಗಳ ನಡುವೆ ಸಾಮಾನ್ಯವಾಗಿ 9 ಅಂಗುಲ ಅಂತರವಿರುತ್ತದೆ. ಒಂಬತ್ತು ಹಲ್ಲುಗಳ ನಡುವೆ ಎಂಟು ಸಂದುಗಳು, ಒಟ್ಟು 72 ಅಂಗುಲ. ಮುಸುಕಿನ ಜೋಳದ ಸಾಲುಗಳ ಅಂತರ ಎರಡು ಅಡಿ, ಅಂದರೆ 24 ಅಂಗುಲ. ಮೊದಲನೆಯ ಸಾಲನ್ನು ಒಂದನೆಯ ಮತ್ತು ಎರಡನೆಯ ಹಲ್ಲಿನ ಸರಿಮಧ್ಯಕ್ಕೆ ತಂದರೆ ಅದು ಎರಡೂ ಹಲ್ಲುಗಳಿಂದ ನಾಲ್ಕೂವರೆ ಅಂಗುಲ ದೂರದಲ್ಲಿ ಉಳಿಯುತ್ತದೆ. ಎರಡನೆಯ ಸಾಲು ಮೊದಲ ಹಲ್ಲಿನಿಂದ 28.5 ಅಂಗುಲದಲ್ಲಿ ಬೀಳುತ್ತದೆ. ನಾಲ್ಕನೆಯ ಹಲ್ಲು ಇರುವುದು 27 ಅಂಗುಲದಲ್ಲಿ. ಉಳಿದದ್ದು ಒಂದೂವರೆ ಅಂಗುಲ! ಮೂರನೆಯ ಸಾಲಿನ ಗತಿಯೂ ಅದೇ. ಅಂದರೆ ನಾಲ್ಕು ಸಾಲುಗಳಲ್ಲಿ ನಡುವಿನ ಎರಡು ಸಾಲುಗಳ ಬೇರು ಕತ್ತರಿಸಿಹೋಯಿತು.

ಈಗ ಅದೇ ಒಂಬತ್ತು ಹಲ್ಲುಗಳನ್ನು ಬೇರೆ ರೀತಿಯಲ್ಲಿ ಜೋಡಿಸೋಣ. ನಾಲ್ಕು ಸಾಲುಗಳ ನಡುವೆ ಇರುವುದು ಮೂರು ಎಡೆಗಳು. ಪ್ರತಿ ಎಡೆಗೆ ಮೂರು ಹಲ್ಲು, ಅವುಗಳ ನಡುವೆ ಆರು ಅಂಗುಲ. ಕೊನೆಯ ಹಲ್ಲಿಗೂ ಗಿಡಕ್ಕೂ ನಡುವೆ ಮತ್ತೆ ಆರು ಅಂಗುಲ. ಮೂರು ಮೂರಲ ಒಂಬತ್ತು! ಒಂದು ಹಲ್ಲೂ ಹೆಚ್ಚಲ್ಲ, ಒಂದೂ ಕಡಿಮೆಯಲ್ಲ. ಟ್ರ್ಯಾಕ್ಟರಿನ ಚಕ್ರಗಳ ಅಂತರವನ್ನೂ ಎಡೆಗಳಿಗೆ ಹೊಂದಿಸಿಕೊಂಡು, ಪೈರು ಎಳೆಯದಾಗಿರುವಾಗಲೇ ಹೋದರೆ ಒಂದೇ ಸಲಕ್ಕೆ ಮೂರು ಎಡೆಗಳ ಕಳೆ ಹೋಗುತ್ತದೆ. ಕೊಡಬೇಕಾದದ್ದು ಹೊಸ ಯಂತ್ರವನ್ನಲ್ಲ, ಇರುವ ಹಲ್ಲುಗಳನ್ನು ಸರಿಸುವ ಅನುಕೂಲವನ್ನು ಮಾತ್ರ. ಹತ್ತಿಯ ಮೂರು ಅಡಿ ಸಾಲು ಒಂಬತ್ತು ಅಂಗುಲಕ್ಕೆ ಸರಿಯಾಗಿ ಭಾಗವಾಗುವುದರಿಂದ ಹೇಗೋ ನಡೆದೀತು. ಅದು ಭಾಗಾಕಾರದ ಕೃಪೆಯೇ ಹೊರತು ಯಂತ್ರ ಮಾಡಿದವರ ಕೃಪೆಯಲ್ಲ.

ನಮ್ಮ ಎರಡು ತಾಲ್ಲೂಕುಗಳಲ್ಲಂತೂ ಒಂದೇ ಅಳತೆ ಎಲ್ಲರಿಗೂ ಎಂಬ ಮಾತು ನಡೆಯುವುದೇ ಇಲ್ಲ. ನಂಜನಗೂಡು ತಾಲ್ಲೂಕಿನಲ್ಲಿ ಮಳೆಯನ್ನೇ ನೆಚ್ಚಿದ ಕೆಂಪು ಮಣ್ಣಿನ ಹೊಲಗಳೂ ಇವೆ, ಎರೆಭೂಮಿಯೂ ಇದೆ, ಕಬಿನಿ ನಾಲೆಯ ನೀರು ಕಂಡ ಗದ್ದೆಗಳೂ ಇವೆ. ಕಾವೇರಿ ಕಪಿಲೆಯರು ಕೂಡುವ ತಿ. ನರಸೀಪುರದ ಸುತ್ತ ಭತ್ತವೇ ಪ್ರಧಾನ. ನಡುವೆ ಕಬ್ಬು, ಬಾಳೆ, ರಾಗಿ, ಅಲಸಂದೆ. ಒಂದೇ ಮನೆಯವರ ಎರಡು ಎಕರೆಯಲ್ಲಿ ಮೂರು ಬಗೆಯ ಬೆಳೆ, ಮೂರು ಬಗೆಯ ಸಾಲು. ಹೀಗಿರುವಾಗ ಅಂಗಡಿಯವರು ಬಿಗಿದುಕೊಟ್ಟ ಅಂತರವೇ ಹತ್ತು ವರ್ಷ ಹಾಗೆಯೇ ಉಳಿಯುತ್ತದೆ. ಯಂತ್ರವನ್ನು ಹೊಂದಿಸಲಾಗದೆ ರೈತ ತನ್ನ ಹೊಲವನ್ನೇ ಯಂತ್ರಕ್ಕೆ ಹೊಂದಿಸುತ್ತಾನೆ. ಇಲ್ಲವೆ ಎಡೆ ಹೊಡೆಯುವುದನ್ನೇ ಬಿಟ್ಟು ಕಳೆನಾಶಕದ ಡಬ್ಬಿ ತರುತ್ತಾನೆ. ಅದೂ ಆಗದಿದ್ದರೆ ಮನೆಯ ಹೆಣ್ಣುಮಕ್ಕಳು ಬಿಸಿಲಿನಲ್ಲಿ ಬಗ್ಗಿ ಕುಳಿತು ಕೈಯಿಂದ ಕಳೆ ಕೀಳುತ್ತಾರೆ. ಯಂತ್ರದ ಕೊರತೆಯ ಬೆಲೆಯನ್ನು ತೆರುವವರು ಯಾರೆಂಬುದನ್ನು ಗಮನಿಸಿ.

ಆಸ್ಪತ್ರೆಯಿಂದ ಬಂದ ಮೇಲೆ ಈ ವಿಷಯವನ್ನು ಹುಲ್ಲಹಳ್ಳಿ ರಸ್ತೆಯ ಒಂದು ಹಳ್ಳಿಯಲ್ಲಿರುವ ಕಮ್ಮಾರರೊಂದಿಗೆ ಚರ್ಚಿಸಿದೆ. ಕುಲುಮೆಯ ಜಾಗದಲ್ಲಿ ಈಗ ವೆಲ್ಡಿಂಗ್ ಯಂತ್ರವಿದೆ. ವಯಸ್ಸು ನನಗಿಂತ ಹೆಚ್ಚು. ನಾನು "ಆಚಾರ್ರೇ, ಇದನ್ನ ಅಡ್ಜಸ್ಟಬಲ್ ಅಂತಾರಲ್ಲ" ಎಂದೆ. ಅವರು ನಕ್ಕು, "ಮೇಷ್ಟ್ರೇ, ಹೊಲದಲ್ಲಿ ಬಿಚ್ಚೋಕಾಗ್ದಿದ್ದನ್ನ ಅಡ್ಜಸ್ಟ್ ಅಂತ ಯಾಕೆ ಕರೀತಾರೆ?" ಎಂದರು. ನಾನು ಇಷ್ಟುದ್ದ ಬರೆದದ್ದನ್ನು ಅವರು ಒಂದು ವಾಕ್ಯದಲ್ಲಿ ಮುಗಿಸಿದ್ದರು. ಅವರೂ ನಾನೂ ಸೇರಿ ಮಾಡಿದ ಪಟ್ಟಿ ಹೀಗಿದೆ:

1. ಚೌಕಟ್ಟಿನ ಮೇಲೆ ಅಂಗುಲದ ಗುರುತುಗಳನ್ನು ಕೊರೆದಿರಬೇಕು. ದರ್ಜಿಯ ಬಳಿ ಇರುವ ಟೇಪು ರೈತನ ಬಳಿ ಇರಬೇಕೆಂದಿಲ್ಲ. ಎಡಕ್ಕೆ ಎಷ್ಟು ಸರಿಸಿದನೋ ಬಲಕ್ಕೂ ಅಷ್ಟೇ ಸರಿಸಿದನೆಂಬುದು ಕಣ್ಣಿಗೆ ಕಾಣಬೇಕು. ಇಲ್ಲದಿದ್ದರೆ ಕಲ್ಟಿವೇಟರ್ ಒಂದು ಬದಿಗೆ ಎಳೆಯುತ್ತದೆ.

2. ಹಲ್ಲನ್ನು ಹಿಡಿಯುವ ಪಟ್ಟಿಗೆ ಬೆಣೆಯ ಬಿಗಿತ ಬೇಕು. ಬೋಲ್ಟಿನ ತಿರುಪಿಗೆ ತುಕ್ಕು ಹಿಡಿದರೆ ಸ್ಪ್ಯಾನರ್ ಸೋಲುತ್ತದೆ. ಬೆಣೆ ತುಕ್ಕು ಹಿಡಿದರೂ ಹಿಂದಿನಿಂದ ಎರಡು ಪೆಟ್ಟಿಗೆ ಬಿಡುತ್ತದೆ. ಬೆಣೆ ಬಿದ್ದುಹೋಗದಂತೆ ಒಂದು ಪಿನ್ನು ಇದ್ದರೆ ಸಾಕು. ಬೋಲ್ಟೇ ಬೇಕೆನ್ನುವುದಾದರೆ ಎಲ್ಲವೂ ಒಂದೇ ಅಳತೆಯವಾಗಿರಲಿ. ಚೌಕಟ್ಟಿಗೆ ಸಾಲಾಗಿ ತೂತು ಕೊರೆಯಬಹುದಲ್ಲವೇ ಎಂದು ನಾನು ಕೇಳಿದಾಗ ಅವರು ಒಪ್ಪಲಿಲ್ಲ. ತೂತು ಹೆಚ್ಚಿದಷ್ಟೂ ಕಬ್ಬಿಣ ದುರ್ಬಲವಾಗಿ ಅಲ್ಲಿಯೇ ಬಿರುಕು ಬಿಡುತ್ತದಂತೆ. ವಿಜ್ಞಾನದ ಮೇಷ್ಟ್ರಿಗೆ ಪಾಠವಾಯಿತು.

3. ಎರಡೂ ಬದಿಗೆ ಆಳದ ಚಕ್ರಗಳಿರಬೇಕು, ಪಿನ್ನು ಬದಲಿಸಿ ಏರಿಸಿ ಇಳಿಸುವಂತಿರಬೇಕು. ಆಳ ಹೆಚ್ಚಿದಷ್ಟೂ ಎಳೆಯಲು ಬೇಕಾದ ಬಲ ಹೆಚ್ಚಾಗುತ್ತದೆ, ಅದರೊಂದಿಗೆ ಡೀಸೆಲ್ಲೂ. ಎಡೆ ಹೊಡೆಯಲು ಎರಡು ಮೂರು ಅಂಗುಲ ಸಾಕಾಗಿರುವಲ್ಲಿ ಆರು ಅಂಗುಲ ಅಗೆದರೆ ಹಣವೂ ಹಾಳು, ಬೇರೂ ಹಾಳು, ಮಣ್ಣಿನ ತೇವವೂ ಹಾಳು.

4. ಗುಳ ಬಿಚ್ಚಿ, ಕುಂಟೆಯ ತಾಳಿನಂತೆ ಅಗಲವಾದ ಅಲಗನ್ನು ಅದೇ ತೂತುಗಳಿಗೆ ಕೂರಿಸುವಂತಿರಬೇಕು. ಉಳುವ ಗುಳ ಬೇರೆ, ಕಳೆ ಕತ್ತರಿಸುವ ಅಲಗು ಬೇರೆ.

5. ಕೊನೆಯದಾದರೂ ನನ್ನ ಪಾಲಿಗೆ ಮೊದಲನೆಯದು: ಚೌಕಟ್ಟಿಗೇ ಸೇರಿದ, ಮಡಚುವ ಎರಡು ಊರುಗಾಲುಗಳು. ಹೈಡ್ರಾಲಿಕ್ಕನ್ನು ನಂಬಿ ಯಾರೂ ಯಂತ್ರದ ಕೆಳಗೆ ಕೂರಬಾರದು. ಸೈಕಲ್ಲಿಗೆ ಸ್ಟ್ಯಾಂಡ್ ಕೊಡುವ ನಾವು ಕ್ವಿಂಟಾಲುಗಟ್ಟಲೆ ತೂಗುವ ಯಂತ್ರಕ್ಕೆ ಕೊಡಬಾರದೇ?

ಈ ಐದರಲ್ಲಿ ಚಂದ್ರಲೋಕಕ್ಕೆ ಹೋಗುವ ತಂತ್ರಜ್ಞಾನ ಯಾವುದಿದೆ, ನೀವೇ ಹೇಳಿ.

ಇದಕ್ಕೆ ಬರುವ ಉತ್ತರಗಳೂ ನನಗೆ ಗೊತ್ತು. ಮೊದಲನೆಯದು, "ರೈತರು ಹೊಂದಿಸಿಕೊಳ್ಳುವುದೇ ಇಲ್ಲ, ಕೊಟ್ಟರೂ ವ್ಯರ್ಥ." ಅರ್ಧ ದಿನ ಹಿಡಿಯುವ, ಬೆರಳು ಕಳೆಯುವ ಕೆಲಸವನ್ನು ಯಾರು ಮಾಡಿಯಾರು? ಉತ್ತರ ಬರೆಯಲು ಜಾಗ ಕೊಡದೆ ವಿದ್ಯಾರ್ಥಿ ಬರೆಯಲಿಲ್ಲವೆಂದು ಸೊನ್ನೆ ಕೊಟ್ಟಂತಾಯಿತು ಇದು. ರೈತ ಹೊಸದನ್ನು ಒಪ್ಪುವುದಿಲ್ಲವೆಂಬ ಮಾತು ಶತಮಾನದಷ್ಟು ಹಳೆಯದು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರು 1903ರಲ್ಲಿ ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಗಿದರೆ ಮಣ್ಣು ವಿಷವಾಗುತ್ತದೆಂದು ಜನ ಹಿಂಜರಿದರಂತೆ. ಆದರೆ ಉಪಯೋಗ ಕಣ್ಣಿಗೆ ಕಂಡ ಮೇಲೆ ಅದೇ ರೈತರು ಕೊಂಡರು.

ಎರಡನೆಯದು, "ಬೆಲೆ ಏರುತ್ತದೆ." ಸ್ವಲ್ಪ ಏರಬಹುದು, ನಿರಾಕರಿಸುವುದಿಲ್ಲ. ಆದರೆ ಬೆಲೆಯ ದೊಡ್ಡ ಪಾಲನ್ನು ಸಾರ್ವಜನಿಕರ ಹಣವೇ ಹೊರುತ್ತಿದೆ. ನಮ್ಮ ರಾಜ್ಯದಲ್ಲಿ ಕೃಷಿ ಉಪಕರಣಗಳಿಗೆ ಸಾಮಾನ್ಯ ವರ್ಗದ ರೈತರಿಗೆ ಶೇಕಡಾ 50ರಷ್ಟು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇಕಡಾ 90ರಷ್ಟು ಸಹಾಯಧನ ನೀಡುತ್ತ ಬಂದಿದ್ದಾರೆ. 2014ರಿಂದ ಕೃಷಿ ಯಂತ್ರಧಾರೆ ಕೇಂದ್ರಗಳ ಮೂಲಕ ಬಾಡಿಗೆಗೂ ಯಂತ್ರಗಳನ್ನು ಒದಗಿಸುತ್ತಿದ್ದಾರೆ. ಒಳ್ಳೆಯ ಕೆಲಸ, ಒಪ್ಪುತ್ತೇನೆ. ಆದರೆ ಹಣ ಕೊಡುವವರಿಗೆ ಪ್ರಶ್ನೆ ಕೇಳುವ ಹಕ್ಕೂ ಇದೆ, ಕರ್ತವ್ಯವೂ ಇದೆ. "ಇದರ ಒಂಬತ್ತು ಹಲ್ಲುಗಳನ್ನು ಒಬ್ಬ ರೈತ ಹೊಲದಲ್ಲಿ ಎಷ್ಟು ನಿಮಿಷದಲ್ಲಿ ಸರಿಸಬಲ್ಲ?" ಎಂಬ ಪ್ರಶ್ನೆಗೆ ಮೈದಾನದಲ್ಲೇ ಉತ್ತರ ತೋರಿಸದ ಯಂತ್ರಕ್ಕೆ ಒಂದು ರೂಪಾಯಿಯನ್ನೂ ಕೊಡಬಾರದು. ಬಾಡಿಗೆ ಯಂತ್ರಕ್ಕೆ ಇದು ಇನ್ನೂ ಅಗತ್ಯ. ಬೆಳಿಗ್ಗೆ ಒಬ್ಬರ ಜೋಳಕ್ಕೆ, ಮಧ್ಯಾಹ್ನ ಇನ್ನೊಬ್ಬರ ಹತ್ತಿಗೆ ಹೋಗಬೇಕಾದದ್ದು ಅದೇ ತಾನೆ?

ಮೂರನೆಯದು, "ಇದೆಲ್ಲ ಇಂಜಿನಿಯರುಗಳ ಕೆಲಸ, ಕಮ್ಮಾರರಿಗೇನು ಗೊತ್ತು?" ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಇಂಜಿನಿಯರಿಂಗ್ ಪದವೀಧರರಲ್ಲ, ರೈತರು. ಹುಣಸೆ ಬೀಜ ಬೇರ್ಪಡಿಸುವ ಯಂತ್ರವನ್ನೂ, ಬೀಜ ಗೊಬ್ಬರಗಳನ್ನು ಒಟ್ಟಿಗೆ ಬಿತ್ತುವ ಕೂರಿಗೆಯನ್ನೂ ರೂಪಿಸಿದರು. 2022ರಲ್ಲಿ ದೇಶ ಅವರಿಗೆ ಪದ್ಮಶ್ರೀ ನೀಡಿತು. ಗುಜರಾತಿನ ಅಮ್ರೇಲಿ ಜಿಲ್ಲೆಯ ಮನ್ಸುಖಭಾಯಿ ಜಗಾನಿ ಎಂಬುವರು ಬುಲೆಟ್ ಮೋಟಾರ್ ಸೈಕಲ್ಲಿಗೆ ಉಪಕರಣಗಳನ್ನು ಬದಲಿಸಿ ಕಟ್ಟುವ ಚೌಕಟ್ಟು ಜೋಡಿಸಿ ಹೊಲ ಉತ್ತರು. ಹೊಲದಲ್ಲಿ ನಿಂತವನ ಬುದ್ಧಿಗೆ ಸನ್ಮಾನದ ಶಾಲು ಹೊದಿಸುತ್ತೇವೆ, ಆದರೆ ಯಂತ್ರ ಕೊಳ್ಳುವ ನಿಯಮ ಬರೆಯುವಾಗ ಅವನನ್ನು ಕೇಳುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿಯೇ.

ನಿಮ್ಮಲ್ಲಿ ಕೆಲವರು ಇಂಜಿನಿಯರುಗಳಾಗಿದ್ದೀರಿ, ಕೆಲವರು ಕೃಷಿ ಇಲಾಖೆಯಲ್ಲಿದ್ದೀರಿ, ಇಬ್ಬರು ಮೂವರು ಕಾಲೇಜುಗಳಲ್ಲಿ ಪಾಠ ಹೇಳುತ್ತಿದ್ದೀರಿ. ನಿಮಗೆ ಈ ಮೇಷ್ಟ್ರ ಮನೆಪಾಠವಿದು. ಮೈಸೂರಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕೊನೆಯ ವರ್ಷ ಮಾಡುವ ಪ್ರಾಜೆಕ್ಟುಗಳಲ್ಲಿ ಒಂದಾದರೂ ನಂಜನಗೂಡಿನ ಹೊಲದ ಬದುವಿನಿಂದ ಆರಂಭವಾಗಲಿ. ಸುತ್ತೂರು ಜಾತ್ರೆಯಲ್ಲಿ ಕೃಷಿ ಮೇಳ ನಡೆಯುತ್ತದೆ, ಅಲ್ಲಿಯೇ ಕೃಷಿ ವಿಜ್ಞಾನ ಕೇಂದ್ರವೂ ಇದೆ. ಬಣ್ಣ ಬಳಿದ ಯಂತ್ರಗಳನ್ನು ಸಾಲಾಗಿ ನಿಲ್ಲಿಸಿದರೆ ಸಾಲದು. ಗಡಿಯಾರ ಹಿಡಿದು, ರೈತನ ಕೈಗೇ ಸ್ಪ್ಯಾನರ್ ಕೊಟ್ಟು, ಎಲ್ಲರೆದುರು ಹಲ್ಲು ಸರಿಸಿ ನೋಡುವ ಸ್ಪರ್ಧೆಯೊಂದು ನಡೆಯಲಿ. ಸೋತ ಯಂತ್ರ ಯಾವುದೆಂದು ಊರಿಗೆಲ್ಲ ತಿಳಿಯಲಿ.

ಆ ನನ್ನ ವಿದ್ಯಾರ್ಥಿ ಈಗ ಸ್ವಲ್ಪ ಕುಂಟುತ್ತ ನಡೆಯುತ್ತಾನೆ. ಕಳೆದ ತಿಂಗಳು ಹೋಗಿದ್ದಾಗ, ಆಚಾರ್ರು ಮಾಡಿಕೊಟ್ಟ ಎರಡು ಊರುಗಾಲುಗಳನ್ನು ತನ್ನ ಕಲ್ಟಿವೇಟರಿಗೆ ವೆಲ್ಡಿಂಗ್ ಮಾಡಿಸಿದ್ದನ್ನು ತೋರಿಸಿದ. ಚೌಕಟ್ಟಿನ ಮೇಲೆ ಬಿಳಿಯ ಬಣ್ಣದಿಂದ ಅಂಗುಲದ ಗೆರೆಗಳನ್ನು ತಾನೇ ಎಳೆದುಕೊಂಡಿದ್ದ. ಬೋಲ್ಟುಗಳು ಮಾತ್ರ ಹಳೆಯವೇ. "ಇನ್ನು ಆ ಬೆಣೆ ಒಂದು ಆಗ್ಬೇಕು ಸಾರ್" ಎಂದ.

ಆ ಬೆಣೆಗೆ ನಿಮ್ಮಲ್ಲಿ ಯಾರು ಕೈ ಹಚ್ಚುತ್ತೀರೋ ಬರೆದು ತಿಳಿಸಿ. ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ಅದನ್ನೂ ತಿಳಿಸಿ, ಮೇಷ್ಟ್ರೆಂದು ಸಂಕೋಚ ಬೇಡ.

ನಿಮ್ಮೆಲ್ಲರ ಶ್ರೇಯಸ್ಸನ್ನು ಬಯಸುವ,
ನಿಮ್ಮ ಮೇಷ್ಟ್ರು