ಅಂಗಳದ ಮುಳ್ಳು ದಾರಿಗೆ ಬೀಳದಿರಲಿ

ಮಳೆಗಾಲ ಬಂತೆಂದರೆ ಕರಾವಳಿಯ ಮನೆಯಂಗಳಗಳಲ್ಲಿ ಹುಲ್ಲಿನೊಂದಿಗೆ ಮುಟ್ಟಿದರೆ ಮುನಿಯೂ ಹಬ್ಬುತ್ತದೆ. ನಾಚಿಕೆ ಮುಳ್ಳು ಎಂದೂ ಕರೆಯಲ್ಪಡುವ ಈ ಗಿಡದ ಎಲೆಯನ್ನು ಮುಟ್ಟಿ, ಅದು ಮಡಚಿಕೊಳ್ಳುವುದನ್ನು ಕಂಡು ನಗದ ಮಕ್ಕಳಿಲ್ಲ. ಆದರೆ ಅದೇ ಮಕ್ಕಳು ಬರಿಗಾಲಲ್ಲಿ ಓಡಿ, ಅಂಗಾಲಿಗೆ ಮುಳ್ಳು ಚುಚ್ಚಿಸಿಕೊಂಡು ಅಳುತ್ತಾ ಬಂದಾಗ ನಮಗೆ ಸಿಟ್ಟು ಬರುತ್ತದೆ. ಕೂಡಲೇ ಅಂಗಡಿಗೆ ಹೋಗಿ ಕಳೆನಾಶಕದ ಬಾಟಲಿ ತರುತ್ತೇವೆ. ಇಲ್ಲವೇ ಕತ್ತಿಯಿಂದ ಸವರಿ, ಸವರಿದ್ದನ್ನು ಕಾಂಪೌಂಡಿನ ಆಚೆಗೆ ಎಸೆದು ಕೈತೊಳೆದುಕೊಳ್ಳುತ್ತೇವೆ. ಈ ಎರಡೂ ವಿಧಾನಗಳಲ್ಲಿ ಮುಳ್ಳು ನಿವಾರಣೆಯಾಗುವುದಿಲ್ಲ, ಸ್ಥಳ ಬದಲಿಸುತ್ತದೆ ಅಷ್ಟೆ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಗಿಡವನ್ನು ಅರಿಯೋಣ. ಮುಟ್ಟಿದರೆ ಮುನಿಯ ಮೂಲ ಅಮೆರಿಕ ಖಂಡದ ಉಷ್ಣವಲಯ. ಇದರ ತಾಯಿಬೇರು ಆಳಕ್ಕಿಳಿಯುತ್ತದೆ. ಮೇಲಿನಿಂದ ಸವರಿದರೆ ಬುಡ ಮತ್ತೆ ಚಿಗುರಿ, ನೆಲಕ್ಕಂಟಿಕೊಂಡೇ ಹರಡುತ್ತದೆ. ಇದರ ಬೀಜದ ಸಿಪ್ಪೆ ಗಟ್ಟಿಯಾದುದರಿಂದ ಅದು ವರ್ಷಗಟ್ಟಲೆ ಮಣ್ಣಿನಲ್ಲಿ ಜೀವ ಹಿಡಿದಿರಬಲ್ಲದು. ಕಾಯಿಗಳ ಅಂಚಿನಲ್ಲಿರುವ ಬಿರುಸು ಕೂದಲುಗಳು ಬಟ್ಟೆಗೂ ಜಾನುವಾರುಗಳ ಮೈಗೂ ಅಂಟಿಕೊಂಡು ಊರೆಲ್ಲ ಸಂಚರಿಸುತ್ತವೆ. ಬಯಲುಸೀಮೆಯ ಅಂಗಳಗಳಲ್ಲಿ ಇದೇ ಕಾಟವನ್ನು ಕೊಡುವುದು ನೆಗ್ಗಿಲು. ಅದರ ಹಳದಿ ಹೂವು ಕಾಯಾಗಿ, ಒಣಗಿ, ಮುಳ್ಳಿನ ತುಂಡುಗಳಾಗಿ ಒಡೆದು ಕಾಲಿಗೂ ಸೈಕಲ್ಲಿನ ಟಯರಿಗೂ ನಾಟುತ್ತದೆ.

ಆದುದರಿಂದ ಕೆಲಸದ ಸಮಯವೇ ಮುಖ್ಯ. ಹೂವು ಕಾಯಾಗುವ ಮುನ್ನ, ಮಳೆ ಸುರಿದು ನೆಲ ಮೆತ್ತಗಾದ ಮರುದಿನ, ದಪ್ಪ ಕೈಗವಸು ತೊಟ್ಟು ಸಣ್ಣ ಹಾರೆಯಿಂದ ಬೇರನ್ನು ಸಡಿಲಿಸಿ ಬುಡಸಮೇತ ಕೀಳಬೇಕು. ಕಿತ್ತ ಜಾಗವನ್ನು ಬರಿದಾಗಿ ಬಿಡದೆ ಹುಲ್ಲಿನ ತುಂಡುಗಳನ್ನು ನೆಡಬೇಕು. ದಟ್ಟವಾಗಿ ಬೆಳೆದ ಹುಲ್ಲಿನ ನೆರಳಿನಲ್ಲಿ ಕಳೆಯ ಮೊಳಕೆಗೆ ಬೆಳಕು ಸಿಗದು. ನೆಗ್ಗಿಲಿನ ಕಾಯಿ ಉದುರಿದ್ದರೆ ಹಳೆಯ ಗೋಣಿಚೀಲವನ್ನು ಹಾಸಿ ಚಪ್ಪಲಿಗಾಲಿನಿಂದ ತುಳಿದರೆ ಸಾಕು, ಮುಳ್ಳುಗಳು ಗೋಣಿಗೇ ಅಂಟಿಕೊಳ್ಳುತ್ತವೆ. ಒಂದೇ ವರ್ಷದಲ್ಲಿ ಮುಗಿಯುವ ಕೆಲಸ ಇದಲ್ಲ; ಪ್ರತಿ ವರ್ಷವೂ ಮೊಳಕೆಗಳನ್ನು ಹುಡುಕಿ ಕೀಳುವ ತಾಳ್ಮೆ ಬೇಕು.

ವಿಷ ಸಿಂಪಡಿಸಿದರೆ ಬೇಗ ಮುಗಿಯುವುದಲ್ಲವೇ ಎಂದು ಕೆಲವರು ಕೇಳಬಹುದು. ಗ್ಲೈಫೋಸೇಟ್ ಕಳೆಯನ್ನೂ ಹುಲ್ಲನ್ನೂ ಬೇರ್ಪಡಿಸದು, ಎರಡನ್ನೂ ಒಣಗಿಸುತ್ತದೆ. ಬರಿದಾದ ನೆಲದಲ್ಲಿ ಮೊದಲು ಮೊಳೆಯುವುದು ಮಣ್ಣಿನಲ್ಲಿ ಅಡಗಿದ ಕಳೆಬೀಜವೇ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರವು ಇದರ ಬಳಕೆಯನ್ನು ಕೀಟನಿಯಂತ್ರಣ ವೃತ್ತಿಯವರಿಗೆ ಮಾತ್ರ ಸೀಮಿತಗೊಳಿಸುವ ಅಧಿಸೂಚನೆ ಹೊರಡಿಸಿದ್ದು ಸುಮ್ಮನೆ ಅಲ್ಲ. ಪ್ಯಾರಾಕ್ವಾಟ್ ಇನ್ನೂ ಭಯಾನಕ. ಅದು ಹೊಟ್ಟೆಗೆ ಹೋದರೆ ಅದಕ್ಕೆ ನಿರ್ದಿಷ್ಟ ಪ್ರತಿವಿಷವೇ ಇಲ್ಲ. ನಮ್ಮ ಮನೆಗಳಲ್ಲಿ ಅಂಗಳಕ್ಕೂ ಬಾವಿಗೂ ಎಷ್ಟು ಅಂತರವಿದೆ? ವುಝೂ ಮಾಡುವ, ಕುಡಿಯುವ ನೀರಿನ ಪಕ್ಕದಲ್ಲಿ, ಮಕ್ಕಳು ಆಡುವ ನೆಲದ ಮೇಲೆ ವಿಷ ಚೆಲ್ಲುವುದು ಒಂದು ಮುಳ್ಳಿಗೆ ತೆರುವ ಬಹು ದೊಡ್ಡ ಬೆಲೆ. ಉಪ್ಪು ಸುರಿಯುವವರೂ ಇದ್ದಾರೆ. ಅದರಿಂದ ಕೆಡುವುದು ಮಣ್ಣು.

ಇನ್ನು ಕಿತ್ತ ಗಿಡವನ್ನು ಎಲ್ಲಿ ಹಾಕಬೇಕು? ನಮ್ಮ ಪರೀಕ್ಷೆ ಇರುವುದು ಇಲ್ಲಿಯೇ. ದಾರಿಯಿಂದ ಕೆಡುಕನ್ನು ಸರಿಸುವುದು ಈಮಾನಿನ ಶಾಖೆಗಳಲ್ಲೊಂದೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ದಾರಿಯಲ್ಲಿ ಬಿದ್ದಿದ್ದ ಮುಳ್ಳಿನ ಕೊಂಬೆಯೊಂದನ್ನು ಸರಿಸಿದ ವ್ಯಕ್ತಿಗೆ ಅಲ್ಲಾಹನು ಕ್ಷಮೆ ನೀಡಿದ ವಿಷಯ ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ. ಮದ್ರಸದಲ್ಲಿ ನಾವು ಇದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಆ ವ್ಯಕ್ತಿ ಸರಿಸಿದ್ದು ತನ್ನ ಅಂಗಳದ ಮುಳ್ಳನ್ನಲ್ಲ, ಯಾರೋ ಅಪರಿಚಿತರ ಕಾಲಿಗೆ ಚುಚ್ಚಬಹುದಾಗಿದ್ದ ಮುಳ್ಳನ್ನು. ಹಾಗಿರುವಾಗ ನಮ್ಮ ಮಕ್ಕಳ ಕಾಲನ್ನು ಉಳಿಸಲು ಕಿತ್ತ ಮುಳ್ಳನ್ನು ನೆರೆಮನೆಯ ಮಕ್ಕಳು ನಡೆಯುವ ಓಣಿಗೆ ಎಸೆದರೆ ನಾವು ಕಲಿಸಿದ ಪಾಠಕ್ಕೆ ಏನು ಅರ್ಥ? ಆ ನೆರೆಯವರು ಯಾವ ಧರ್ಮದವರು ಎಂದು ಮುಳ್ಳು ಕೇಳುವುದಿಲ್ಲ, ನಾವೂ ಕೇಳಬೇಕಾಗಿಲ್ಲ.

ಕಾಯಿಯಿಲ್ಲದ ಗಿಡಗಳನ್ನು ತೆಂಗಿನ ಬುಡದಲ್ಲಿ ಆಳವಾಗಿ ಹೂಳಬಹುದು. ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದಿಡುವ ಮುಟ್ಟಿದರೆ ಮುನಿ ಅಲ್ಲಿ ಗೊಬ್ಬರವಾಗುತ್ತದೆ. ಮುಳ್ಳಿನ ಗಿಡದಲ್ಲಿಯೂ ಸೃಷ್ಟಿಕರ್ತನು ಉಪಯೋಗವನ್ನಿಟ್ಟಿದ್ದಾನೆ. ಕಾಯಿ ಬಲಿತ ಗಿಡಗಳನ್ನು ಚೀಲದಲ್ಲಿ ಕಟ್ಟಿಟ್ಟು, ಒಣಗಿದ ಮೇಲೆ ಬಚ್ಚಲ ಒಲೆಗೆ ಹಾಕಬೇಕು.

ಈ ಶುಕ್ರವಾರ ಜುಮಾ ನಮಾಝಿನ ನಂತರ ಮಕ್ಕಳನ್ನು ಜೊತೆಗೆ ಕರೆದುಕೊಂಡು ಅಂಗಳಕ್ಕಿಳಿಯೋಣ. ಅಂಗಳ ಮುಗಿದ ಮೇಲೆ ಗೇಟು ತೆರೆದು, ಹೊರಗಿನ ಓಣಿಯಲ್ಲಿಯೂ ನಾಲ್ಕು ಗಿಡ ಕೀಳೋಣ. ನಮ್ಮ ಕೈಯಿಂದಲೂ ನಾಲಗೆಯಿಂದಲೂ ಯಾರ ದಾರಿಯಲ್ಲಿಯೂ ಮುಳ್ಳು ಬೀಳದಂತೆ ಅಲ್ಲಾಹನು ನಮ್ಮನ್ನು ಕಾಪಾಡಲಿ.